ಗೀಸರ್‌ಗೆ 55, ಎಸಿಗೆ 26: ಮುಂಬೈ, ಪುಣೆ, ಗೋವಾದ ಮನೆಗಳಲ್ಲಿ ಥರ್ಮೋಸ್ಟಾಟ್ ಕೂರಿಸಿ ಹೊಂದಿಸುವ ಬಗೆ

ಅಮೆರಿಕದಲ್ಲಿರುವ ಮಗನೋ ಅಳಿಯನೋ ರಜೆಗೆ ಬರುವಾಗ ಗೋಡೆಗೆ ಹಾಕುವ ಸ್ಮಾರ್ಟ್ ಥರ್ಮೋಸ್ಟಾಟ್, ಅಂದರೆ ಬೇಕಾದ ಉಷ್ಣಾಂಶ ಮುಟ್ಟಿದೊಡನೆ ಯಂತ್ರವನ್ನು ತಾನಾಗಿ ನಿಲ್ಲಿಸುವ ಸಾಧನ, ತಂದುಕೊಟ್ಟಿದ್ದರೆ ಅದನ್ನು ಡಬ್ಬಿಯಿಂದ ತೆಗೆಯಬೇಡಿ. ಅಲ್ಲಿ ಇಡೀ ಮನೆಗೆ ಬಿಸಿಗಾಳಿ ಕೊಡುವ ಒಂದೇ ಫರ್ನೇಸ್, ಒಂದೇ ಎಸಿ. ಅವೆರಡನ್ನೂ 24 ವೋಲ್ಟಿನ ಸಣ್ಣ ತಂತಿಗಳ ಮೂಲಕ ಆನ್-ಆಫ್ ಮಾಡುವುದು ಆ ಸಾಧನದ ಕೆಲಸ. ಡೊಂಬಿವಲಿಯ ಫ್ಲ್ಯಾಟಿನ ಸ್ಪ್ಲಿಟ್ ಎಸಿಯಲ್ಲಿ ಆ ತಂತಿಗಳೇ ಇರುವುದಿಲ್ಲ. ಹೇಗಾದರೂ ನಡೆಯಲಿ ಎಂದು ನಮ್ಮ 230 ವೋಲ್ಟ್ ಕೊಟ್ಟರೆ ಅರೆಗಳಿಗೆಯಲ್ಲಿ ಸುಟ್ಟುಹೋಗುತ್ತದೆ. ಹೊಸ ಎತ್ತರದ ಟವರುಗಳಲ್ಲಿ ಹಲವು ಕೋಣೆಗಳಿಗೆ ಸೇರಿ ಒಂದೇ ಹೊರಯಂತ್ರವಿದ್ದು, ಗೋಡೆಯಲ್ಲಿ ತಂತಿಯ ಕಂಟ್ರೋಲರ್ ಇದ್ದರೂ ಅಷ್ಟೇ. ಆ ಕಂಪನಿಯದ್ದೇ ಕಂಟ್ರೋಲರ್ ಬೇಕು, ಬೇರೆಯದು ಅದರ ಜೊತೆ ಮಾತಾಡುವುದಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಬಿಲ್ಲಿನ ಲೆಕ್ಕಕ್ಕೆ ಬರುವ ಥರ್ಮೋಸ್ಟಾಟ್ ಎರಡು. ಒಂದು ಬಚ್ಚಲಿನ ಗೀಸರ್ ಒಳಗೆ, ಇನ್ನೊಂದು ಮಲಗುವ ಕೋಣೆಯ ಎಸಿ ಒಳಗೆ. ಎರಡೂ ಅಂಗಡಿಯಿಂದ ಬಂದ ದಿನದ ಸೆಟ್ಟಿಂಗಿನಲ್ಲೇ ವರ್ಷಗಟ್ಟಲೆ ಓಡುತ್ತಿರುತ್ತವೆ. ಉಷ್ಣಾಂಶವನ್ನು ಸರಿಯಾಗಿ ಹೊಂದಿಸುವುದು ಅರ್ಧ ಕೆಲಸ, ಸಮಯ ಹೊಂದಿಸುವುದು ಉಳಿದರ್ಧ. ನವೆಂಬರಿನಿಂದ ಫೆಬ್ರವರಿಯವರೆಗೆ ಗೀಸರ್ ಕಡೆ ಗಮನ ಕೊಡಿ, ಮಾರ್ಚ್ ಬಂತೆಂದರೆ ಎಸಿ ಕಡೆ.

ಬಿಸಿನೀರಿನ ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.163 ವಾಟ್-ಅವರ್ ವಿದ್ಯುತ್ ಬೇಕು. ಯಾವ ಕಂಪನಿಯ ಗೀಸರ್ ತಂದರೂ ಈ ಅಂಕಿ ಬದಲಾಗದು. ನಲ್ಲಿಯ ನೀರು 24 ಡಿಗ್ರಿ ಇದೆ, ಸ್ನಾನಕ್ಕೆ 40 ಡಿಗ್ರಿಯ 20 ಲೀಟರ್ ಬಕೆಟ್ ಬೇಕು ಎಂದರೆ 20 × 16 × 1.163, ಅಂದರೆ 372 ವಾಟ್-ಅವರ್, ಸುಮಾರು 0.37 ಯೂನಿಟ್. ನಾಲ್ಕು ಜನರ ಮನೆಗೆ ದಿನಕ್ಕೆ ಒಂದೂವರೆ ಯೂನಿಟ್, ತಿಂಗಳಿಗೆ 45. ಇದನ್ನು ಯಾವ ಥರ್ಮೋಸ್ಟಾಟೂ ಉಳಿಸಲಾರದು. ಬಕೆಟ್ ಬಿಟ್ಟು ಶವರ್ ಹಿಡಿದರೆ ಇನ್ನೂ ಏರುತ್ತದೆ.

ಉಳಿಸಲು ಸಾಧ್ಯವಿರುವುದು ಸುಮ್ಮನೆ ಸೋರಿಹೋಗುವ ಶಾಖವನ್ನು. ಗೀಸರಿನ ಮೇಲಿನ ಸ್ಟಾರ್ ಲೇಬಲ್ ನೋಡಿ. ಅಲ್ಲಿ ಸ್ಟ್ಯಾಂಡಿಂಗ್ ಲಾಸ್ ಎಂದು ಒಂದು ಅಂಕಿ ಇರುತ್ತದೆ. ಒಳಗಿನ ನೀರು ಹೊರಗಿನ ಗಾಳಿಗಿಂತ 45 ಡಿಗ್ರಿ ಹೆಚ್ಚು ಬಿಸಿಯಿದ್ದಾಗ, ಯಾರೂ ನಲ್ಲಿ ತಿರುಗಿಸದಿದ್ದರೂ 24 ಗಂಟೆಯಲ್ಲಿ ಎಷ್ಟು ಯೂನಿಟ್ ಪೋಲಾಗುತ್ತದೆ ಎಂಬುದನ್ನು ಅದು ಹೇಳುತ್ತದೆ. 0.6 ಎಂದಿದೆ ಎನ್ನೋಣ. ಬಚ್ಚಲಿನ ಗಾಳಿ 25 ಡಿಗ್ರಿ, ಡಯಲ್ 70ರಲ್ಲಿ, ಸ್ವಿಚ್ ಹಗಲು ರಾತ್ರಿ ಆನ್: ತಿಂಗಳಿಗೆ 18 ಯೂನಿಟ್ ಗೋಡೆಗೆ ಹೋಯಿತು. ಅದೇ ಡಯಲ್ 55ಕ್ಕೆ ಇಳಿದರೆ ವ್ಯತ್ಯಾಸ 30 ಡಿಗ್ರಿ ಮಾತ್ರ, ನಷ್ಟ 12 ಯೂನಿಟ್. ಬೆಳಿಗ್ಗೆ ಬೇಕಾದಷ್ಟೇ ಹೊತ್ತು ಆನ್ ಆಗುವ ಹಾಗೆ ಟೈಮರ್ ಹಾಕಿದರೆ ಒಂದೆರಡು ಯೂನಿಟ್ಟಿಗೆ ಬರುತ್ತದೆ. ಹಳೆಯ ಗೀಸರಿನ ಹೊರಮೈ ಮುಟ್ಟಿದಾಗ ಬೆಚ್ಚಗಿದ್ದರೆ ಒಳಗೆ ಶಾಖ ತಡೆಯುವ ಪಫ್ ಪದರ ಹಾಳಾಗಿದೆ ಎಂದರ್ಥ. ಆಗ ಲೇಬಲಿನ ಅಂಕಿಯನ್ನು ನಂಬಬೇಡಿ, ನಷ್ಟ ಅದಕ್ಕಿಂತ ಹೆಚ್ಚೇ ಇರುತ್ತದೆ.

ತಿಂಗಳಿಗೆ ಹದಿನಾರು ಯೂನಿಟ್ ಯಾವ ಮಹಾ ಎನ್ನಬಹುದು. ಮಹಾರಾಷ್ಟ್ರದ ಸರ್ಕಾರಿ ವಿದ್ಯುತ್ ಕಂಪನಿ ಮಹಾವಿತರಣದ ಮನೆಬಳಕೆಯ ದರ 100, 300, 500 ಯೂನಿಟ್ಟಿನ ಮೆಟ್ಟಿಲುಗಳಲ್ಲಿ ಏರುತ್ತದೆ. ನೀವು ಉಳಿಸುವ ಯೂನಿಟ್ ಯಾವಾಗಲೂ ಅತಿ ಮೇಲಿನ ಮೆಟ್ಟಿಲಿನದ್ದು, ಹಾಗಾಗಿ ಅತಿ ದುಬಾರಿಯದ್ದು.

ಡಯಲ್ ಎಲ್ಲಿಡಬೇಕು

ಕೂಡು ಕುಟುಂಬವಲ್ಲದ ಸಾಮಾನ್ಯ ಮನೆಗೆ 55 ಡಿಗ್ರಿ ಸರಿ. 15 ಲೀಟರಿನ ಟ್ಯಾಂಕಿನಲ್ಲಿ 55ರ ನೀರಿದ್ದರೆ, 24ರ ತಣ್ಣೀರು ಬೆರೆಸಿ 40 ಡಿಗ್ರಿಯ 29 ಲೀಟರ್ ಸಿಗುತ್ತದೆ. ಒಬ್ಬರ ಸ್ನಾನ ಮುಗಿದು ಮುಖ ತೊಳೆಯುವವರಿಗೂ ಉಳಿಯುತ್ತದೆ. 45ಕ್ಕೆ ಇಟ್ಟರೆ 20 ಲೀಟರೂ ತುಂಬುವುದಿಲ್ಲ. ಒಂದು ಬಕೆಟ್ಟಿಗೇ ಮುಗಿಯಿತು.

70ರಲ್ಲಿ ಹೆಚ್ಚು ನೀರು ಸಿಗುತ್ತದಲ್ಲ ಎಂದರೆ, ಸಿಗುತ್ತದೆ, ಆದರೆ 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಸುಡುತ್ತದೆ. ಮಕ್ಕಳ, ವಯಸ್ಸಾದವರ ಚರ್ಮ ಇನ್ನೂ ಬೇಗ. ಎರಡನೆಯ ಕಾರಣ ಸುಣ್ಣ. ಮುಂಬೈ ಪಾಲಿಕೆಯ ಕೆರೆನೀರು ಮೆದು, ಅಲ್ಲಿ ಈ ಚಿಂತೆ ಕಡಿಮೆ. ಪುಣೆಯ ಹೊರವಲಯದಲ್ಲಿ ಟ್ಯಾಂಕರ್, ಬೋರ್‌ವೆಲ್ ನೀರನ್ನು ನೆಚ್ಚಿದ ಸೊಸೈಟಿಗಳಲ್ಲಿ ಬಿಸಿ 60 ದಾಟಿದಷ್ಟೂ ನೀರು ಕಾಯಿಸುವ ಎಲಿಮೆಂಟಿನ ಮೇಲೆ ಬಿಳಿ ಸುಣ್ಣ ಬೇಗ ಕಟ್ಟುತ್ತದೆ. ಸುಣ್ಣದ ಪದರ ದಪ್ಪವಾದಂತೆ ಶಾಖ ನೀರಿಗೆ ದಾಟದೆ ಎಲಿಮೆಂಟಿನಲ್ಲೇ ನಿಂತು ಕೊನೆಗೆ ಅದು ಒಡೆಯುತ್ತದೆ.

ಇಳಿಸುವುದಕ್ಕೂ ಒಂದು ಮಿತಿ ಇದೆ. ನಿಂತ ನೀರು 20ರಿಂದ 45 ಡಿಗ್ರಿಯ ನಡುವೆ ಇದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, 60ರಲ್ಲಿ ಸಾಯುತ್ತದೆ. ದಿನಾ ಖಾಲಿಯಾಗಿ ತುಂಬುವ ಗೀಸರಿಗೆ 55 ಸಾಕು. ವರ್ಷಕ್ಕೆ ಎರಡು ಸಲ ಬಂದುಹೋಗುವ ಗೋವಾದ ಮನೆ ಇದ್ದರೆ ಬಂದ ದಿನ ಮೊದಲು ಗೀಸರಿನ ಹಳೆಯ ನೀರನ್ನೆಲ್ಲ ಹರಿಯಬಿಡಿ, ಡಯಲ್ 60ಕ್ಕೆ ಏರಿಸಿ ಒಂದು ಗಂಟೆ ಬಿಟ್ಟು, ಕಿಟಕಿ ತೆರೆದಿಟ್ಟು ನಲ್ಲಿ, ಶವರ್ ಎರಡರಲ್ಲೂ ಆ ಬಿಸಿನೀರು ಹರಿಸಿ. ಆಮೇಲೆ 55ಕ್ಕೆ ಇಳಿಸಿ.

ತೊಂದರೆ ಏನೆಂದರೆ ಬಹುಪಾಲು ಡಯಲ್‌ಗಳ ಮೇಲೆ ಡಿಗ್ರಿಯೇ ಬರೆದಿರುವುದಿಲ್ಲ. ಚುಕ್ಕೆಗಳು, 1ರಿಂದ 5ರವರೆಗಿನ ಅಂಕಿ, ಇಲ್ಲವೇ ಒಂದು ಎಲೆಯ ಚಿತ್ರ. ಅಡಿಗೆಮನೆಯ ಕಡ್ಡಿ ಥರ್ಮಾಮೀಟರ್ ಒಂದನ್ನು ತನ್ನಿ. ಗೀಸರ್ ಆನ್ ಮಾಡಿ ದೀಪ ತಾನಾಗಿ ಆರುವವರೆಗೆ ಕಾಯಿರಿ. ಬಿಸಿನೀರಿನ ನಲ್ಲಿಯನ್ನು ಮಾತ್ರ ತೆರೆದು, ಪೈಪಿನಲ್ಲಿದ್ದ ತಣ್ಣೀರಿನ ಮೊದಲ ಎರಡು ಚೊಂಬು ಬಕೆಟ್ಟಿಗೆ ಹಾಕಿ. ಮೂರನೆಯ ಚೊಂಬನ್ನು ಅಂಚಿನವರೆಗೆ ತುಂಬಿ ಕಡ್ಡಿ ಅದ್ದಿ, ಅಂಕಿ ನಿಂತ ಮೇಲೆ ಓದಿ. 63 ಬಂತೇ? ಗುಂಡಿಯನ್ನು ಎಡಕ್ಕೆ ಒಂದು ಗೋಧಿಕಾಳಿನ ಅಗಲದಷ್ಟು ತಿರುಗಿಸಿ. ಟ್ಯಾಂಕಿನ ನೀರು ಪೂರ್ತಿ ಬದಲಾಗಿ ಮತ್ತೆ ಕಾದ ಮೇಲೇ ಎರಡನೆಯ ಸಲ ಅಳೆಯಿರಿ. ಹೆಚ್ಚಿನವರು ಇಲ್ಲಿ ಅವಸರ ಮಾಡಿ ಹಳೆಯ ನೀರನ್ನೇ ಅಳೆದು ಡಯಲ್ ಕೆಟ್ಟಿದೆ ಎನ್ನುತ್ತಾರೆ. 55 ಸಿಕ್ಕಿದ ಜಾಗದಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆದುಬಿಡಿ.

ಮೂರು ಲೀಟರಿನ ಇನ್‌ಸ್ಟಂಟ್ ಗೀಸರಿನಲ್ಲಿ ಸಾಮಾನ್ಯವಾಗಿ ಡಯಲ್ ಇರುವುದಿಲ್ಲ. ಅದರಲ್ಲಿ ಉಳಿತಾಯ ಬೇಕಾದರೆ ಸ್ವಿಚ್ ಆರಿಸುವುದೊಂದೇ ದಾರಿ.

ಥರ್ಮೋಸ್ಟಾಟ್ ಕೆಟ್ಟಿದ್ದರೆ ಬದಲಿಸುವುದು

ಡಯಲ್ ಎಲ್ಲಿ ತಿರುಗಿಸಿದರೂ ನೀರು ಒಂದೇ ಸಮ ಕುದಿಯುವಷ್ಟು ಬಿಸಿ, ದೀಪ ಆರುವುದೇ ಇಲ್ಲ, ಅಥವಾ ಅತಿ ಬಿಸಿಯಾದಾಗ ಕರೆಂಟ್ ಕಡಿಯುವ ಕಟೌಟ್ ವಾರಕ್ಕೊಮ್ಮೆ ಹಾರುತ್ತದೆ: ಇವು ಥರ್ಮೋಸ್ಟಾಟಿನ ಒಳಗಿನ ಕಾಂಟ್ಯಾಕ್ಟ್ ಬೆಸೆದು ಹೋದದ್ದರ ಗುರುತು. ನೀರು ಉಗುರುಬೆಚ್ಚಗಾಗಿ ನಿಂತುಬಿಟ್ಟರೆ ಕಾಂಟ್ಯಾಕ್ಟ್ ಸವೆದಿರಬಹುದು, ಸುಣ್ಣವೂ ಇರಬಹುದು. ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗಿ ಆರುವ ಮನೆಯ ಸ್ವಿಚ್, ಬೀಳುತ್ತದೆಯೇ? ಅದು ಥರ್ಮೋಸ್ಟಾಟ್ ಅಲ್ಲ, ಎಲಿಮೆಂಟ್ ಒಡೆದು ನೀರಿಗೆ ಕರೆಂಟ್ ಸೋರುತ್ತಿದೆ. ಆ ಗೀಸರನ್ನು ಅಲ್ಲಿಗೇ ನಿಲ್ಲಿಸಿ.

ವಾರಂಟಿ ಇದ್ದರೆ ಮುಚ್ಚಳ ತೆಗೆಯಬೇಡಿ, ಕಂಪನಿಯವರನ್ನೇ ಕರೆಯಿರಿ. ಮುಗಿದಿದ್ದರೆ, ಮಲ್ಟಿಮೀಟರ್ ಹಿಡಿದು ಅಭ್ಯಾಸ ಇರುವವರು ಮಾಡಬಹುದಾದ ಕೆಲಸ ಇದು. ಅಭ್ಯಾಸ ಇಲ್ಲದವರು ಮುಂದಿನ ಹೆಜ್ಜೆಗಳನ್ನು ಓದಿಕೊಂಡು ಎಲೆಕ್ಟ್ರಿಷಿಯನ್ ಪಕ್ಕದಲ್ಲಿ ನಿಂತು ನೋಡಿ. ಅರ್ಥಿಂಗ್ ನೋಡದೆ ಹೊರಡುವವರೇ ಹೆಚ್ಚು.

ಬೇಕಾಗುವುದು: ಸ್ಟಾರ್ ಮತ್ತು ಚಪ್ಪಟೆ ಸ್ಕ್ರೂಡ್ರೈವರ್, ಮಲ್ಟಿಮೀಟರ್, ಮೂಗಿನ ಇಕ್ಕಳ, ತಂತಿಯ ತುದಿಗೆ ಹಾಕುವ, ಶಾಖ ತಡೆಯುವ ನಾಲ್ಕೈದು ಲಗ್, ಮತ್ತು ಹೊಸ ಥರ್ಮೋಸ್ಟಾಟ್. ಹೊಸದನ್ನು ಮೊದಲೇ ತರಬೇಡಿ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಿ. ಮುಂಬೈಯಲ್ಲಿ ಲೋಹಾರ್ ಚಾಳ, ಪುಣೆಯಲ್ಲಿ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿ. ಅಂಗಡಿಯವರು ಮೊದಲು ಕೇಳುವುದೇ ಥರ್ಮೋಸ್ಟಾಟಿನ ಕಡ್ಡಿಯ ಉದ್ದ. ಉದ್ದ ತಪ್ಪಿದರೆ ಕಡ್ಡಿ ತನ್ನ ಕೊಳವೆಯಲ್ಲಿ ಪೂರ್ತಿ ಕೂರುವುದಿಲ್ಲ, ಕೂತರೂ ತಪ್ಪು ಜಾಗದ ಬಿಸಿ ಅಳೆಯುತ್ತದೆ. ಆಂಪಿಯರ್ ಕೂಡ ನೋಡಿ: 2 ಕಿಲೋವಾಟ್ ಗೀಸರ್ 8.7 ಆಂಪಿಯರ್ ಎಳೆಯುತ್ತದೆ, 3 ಕಿಲೋವಾಟಿನದು 13. 16 ಆಂಪಿಯರಿಗೆ ಕಡಿಮೆ ಬರೆದಿರುವುದು ಬೇಡ.

1. ಬೋರ್ಡಿನ ಸ್ವಿಚ್ ಆರಿಸಿದರೆ ಸಾಲದು. ಮನೆಯ ಫ್ಯೂಸ್ ಪೆಟ್ಟಿಗೆಯಲ್ಲಿರುವ ಗೀಸರಿನ ಎಂಸಿಬಿ ಸ್ವಿಚ್ ಇಳಿಸಿ, ಪ್ಲಗ್ ಕಿತ್ತಿಡಿ. ಎಷ್ಟೋ ಹಳೆಯ ಕಟ್ಟಡಗಳಲ್ಲಿ ಸ್ವಿಚ್ ಫೇಸ್ ಬದಲು ನ್ಯೂಟ್ರಲ್ ಕಡಿಯುವಂತೆ ಜೋಡಿಸಿರುತ್ತಾರೆ, ಸ್ವಿಚ್ ಆರಿದ್ದರೂ ಒಳಗೆ ಕರೆಂಟ್ ಇರುತ್ತದೆ. ಟೆಸ್ಟರ್ ದೀಪವನ್ನೊಂದೇ ನಂಬಬೇಡಿ. ಮುಚ್ಚಳ ತೆಗೆದ ಮೇಲೆ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್ ಎರಡೂ ಕಡೆ ಮಲ್ಟಿಮೀಟರಿನಲ್ಲಿ ಸೊನ್ನೆ ಬರಬೇಕು.

2. ಗೀಸರ್ ಬಿಸಿಯಿದ್ದರೆ ಒಂದೆರಡು ಗಂಟೆ ಆರಲು ಬಿಡಿ. ಕೆಳಮುಚ್ಚಳದ ಸ್ಕ್ರೂ ಬಿಚ್ಚುವಾಗ ಮುಚ್ಚಳಕ್ಕೆ ದೀಪದ ತಂತಿ ಅಂಟಿಕೊಂಡಿರುತ್ತದೆ, ಎಳೆಯಬೇಡಿ.

3. ಯಾವ ತಂತಿಯನ್ನೂ ಮುಟ್ಟುವ ಮೊದಲು ಎರಡು ಕಡೆಯಿಂದ ಫೋಟೊ ತೆಗೆಯಿರಿ. ಫೇಸ್ ಬರುವುದು ಥರ್ಮೋಸ್ಟಾಟಿಗೆ, ಅಲ್ಲಿಂದ ಕಟೌಟಿಗೆ, ಅಲ್ಲಿಂದ ಎಲಿಮೆಂಟಿಗೆ. ಕೆಲವು ಮಾದರಿಗಳಲ್ಲಿ ಥರ್ಮೋಸ್ಟಾಟ್, ಕಟೌಟ್ ಎರಡೂ ಒಂದೇ ಡಬ್ಬಿಯಲ್ಲಿದ್ದು ಒತ್ತಲು ಸಣ್ಣ ಗುಂಡಿ ಇರುತ್ತದೆ. ಗುಂಡಿ ಹಾರಿದ್ದರೆ ಒತ್ತಿ ಕೈತೊಳೆದುಕೊಳ್ಳಬೇಡಿ. ಅದು ಹಾರಿದ್ದಕ್ಕೆ ಕಾರಣ ಇರುತ್ತದೆ: ನೀರಿಲ್ಲದೆ ಕಾದದ್ದು, ಸುಣ್ಣ, ಇಲ್ಲವೇ ಬೆಸೆದ ಕಾಂಟ್ಯಾಕ್ಟ್.

4. ಅಳತೆ. ತಂತಿ ಬಿಡಿಸಿದ ಎಲಿಮೆಂಟಿನ ಎರಡು ತುದಿಗಳ ನಡುವೆ 2 ಕಿಲೋವಾಟಿಗೆ ಸುಮಾರು 26 ಓಮ್, 3 ಕಿಲೋವಾಟಿಗೆ ಸುಮಾರು 18 ಓಮ್ ಬರಬೇಕು. ಎಲಿಮೆಂಟಿನ ತುದಿ ಮತ್ತು ಟ್ಯಾಂಕಿನ ಲೋಹದ ನಡುವೆ ಏನೂ ಬರಬಾರದು. ಮೀಟರ್ ಅಲ್ಲೇನಾದರೂ ಅಂಕಿ ತೋರಿಸಿದರೆ ಕೆಟ್ಟಿರುವುದು ಎಲಿಮೆಂಟ್. ಥರ್ಮೋಸ್ಟಾಟ್ ತಣ್ಣಗಿದ್ದಾಗ ಸೊನ್ನೆಯ ಹತ್ತಿರ ತೋರಬೇಕು. ಬೆಸೆದುಹೋದದ್ದೂ ತಣ್ಣಗಿದ್ದಾಗ ಸೊನ್ನೆಯೇ ತೋರಿಸುತ್ತದೆ, ಇಲ್ಲಿ ಮೋಸಹೋಗುವವರು ಬಹಳ. ಕಡ್ಡಿಯನ್ನು ಹೊರತೆಗೆದು ತಂತಿ ಸೇರುವ ತಲೆ ನೆನೆಯದಂತೆ ಬಿಸಿನೀರಿನ ಪಾತ್ರೆಯಲ್ಲಿ ಅದ್ದಿ, ಡಯಲ್ ಕಡಿಮೆಯಲ್ಲಿಡಿ. ಟಕ್ ಎಂದು ಸದ್ದಾಗಿ, ಮೀಟರಿನಲ್ಲಿ ಸೊನ್ನೆ ಹೋಗಿ ಸಂಪರ್ಕ ಕಡಿದದ್ದು ತೋರಿದರೆ ಅದು ಚೆನ್ನಾಗಿದೆ. ಸದ್ದೇ ಇಲ್ಲದಿದ್ದರೆ ಬೆಸೆದಿದೆ.

5. ಕಡ್ಡಿಯ ಮಾದರಿಯಲ್ಲಿ ಥರ್ಮೋಸ್ಟಾಟ್ ಕೂರುವುದು ಒಣ ಕೊಳವೆಯೊಳಗೆ, ನೀರಿಗೆ ತಾಗುವುದಿಲ್ಲ. ಹಾಗಾಗಿ ಅದನ್ನೊಂದೇ ಬದಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಬೇಕಿಲ್ಲ. ಕಡ್ಡಿ ತೆಗೆದಾಗ ಕೊಳವೆಯಲ್ಲಿ ಪಸೆ ಕಂಡರೆ ಕೊಳವೆ ತೂತಾಗಿದೆ, ಎಲಿಮೆಂಟ್ ಸಮೇತ ಬದಲಿಸಬೇಕು. ಅದಕ್ಕೆ ಗೀಸರಿಗೆ ನೀರು ಬರುವ ಆಂಗಲ್ ಕಾಕ್ ಮುಚ್ಚಿ, ನೀರು ಪೂರ್ತಿ ಇಳಿಸಿ, ಗ್ಯಾಸ್ಕೆಟ್ ಹೊಸದು ಹಾಕಬೇಕು. ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಿದವರು ಮರುದಿನವೇ ನೆಲ ಒರೆಸುತ್ತಾರೆ. ಆ ಕೆಲಸದ ಜೊತೆಗೇ ಮೆಗ್ನೀಸಿಯಂ ಕಡ್ಡಿಯನ್ನೂ ನೋಡಿ. ತಂತಿ ಮಾತ್ರ ಉಳಿಯುವಷ್ಟು ಸವೆದಿದ್ದರೆ ಬದಲಿಸಿ, ಇಲ್ಲದಿದ್ದರೆ ಮುಂದೆ ತುಕ್ಕು ಹಿಡಿಯುವುದು ಟ್ಯಾಂಕಿಗೆ.

6. ಹೊಸದನ್ನು ಪೂರ್ತಿ ಒಳಗೆ ತಳ್ಳಿ, ಫೋಟೊ ನೋಡಿ ತಂತಿ ಸೇರಿಸಿ, ಪ್ರತಿ ಲಗ್ಗನ್ನೂ ಇಕ್ಕಳದಿಂದ ಬಿಗಿಮಾಡಿ ಎಳೆದು ನೋಡಿ. ಸಡಿಲ ಲಗ್ ಬಿಸಿಯಾಗಿ ಕಪ್ಪಾಗುತ್ತದೆ, ವರ್ಷದೊಳಗೆ ಪ್ಲಾಸ್ಟಿಕ್ ಕರಗಿ ವಾಸನೆ ಬರುತ್ತದೆ. ಮುಂಬೈ, ಗೋವಾದ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ಹಸಿರು ಕಿಲುಬು ಹಿಡಿದ ಲಗ್ ಕಂಡರೆ ಕತ್ತರಿಸಿ ಹೊಸದು ಹಾಕಿ.

7. ಹಸಿರು ತಂತಿ ಟ್ಯಾಂಕಿನ ಅರ್ಥ್ ಸ್ಕ್ರೂವಿಗೆ ಬಿಗಿಯಾಗಿದೆಯೇ, ಸಾಕೆಟ್ಟಿನಲ್ಲಿ ನಿಜವಾಗಿ ಅರ್ಥ್ ಇದೆಯೇ ನೋಡಿ. ಎಂಸಿಬಿ ಎತ್ತಿ, ಸಾಕೆಟ್ಟಿನ ಫೇಸ್-ಅರ್ಥ್ ನಡುವೆ 230ರ ಆಸುಪಾಸು ಬರಬೇಕು. 100-120 ಬಂದರೆ, ಅಥವಾ ಅಂಕಿ ಓಲಾಡಿದರೆ, ಅರ್ಥ್ ತಂತಿ ಎಲ್ಲೋ ತುಂಡಾಗಿದೆ. ಅದು ಸರಿಯಾಗುವವರೆಗೆ ಗೀಸರ್ ಹಚ್ಚಬೇಡಿ.

8. ಬಿಸಿನೀರಿನ ನಲ್ಲಿ ತೆರೆದು ನೀರು ಗಾಳಿಯಿಲ್ಲದೆ ಒಂದೇ ಸಮ ಬರುವವರೆಗೆ ಬಿಟ್ಟು, ಆಮೇಲೆ ಮಾತ್ರ ಸ್ವಿಚ್. ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ಉಳಿಯುವುದು ಕೆಲವೇ ನಿಮಿಷ.

ನೀರು ಕಾಯುವಾಗ ಗೀಸರಿನ ಸೇಫ್ಟಿ ವಾಲ್ವಿನಿಂದ ಒಂದೆರಡು ಹನಿ ಬಿದ್ದರೆ ಗಾಬರಿ ಬೇಡ, ನೀರು ಬಿಸಿಯಾಗಿ ಹಿಗ್ಗಿದ್ದು ಹೊರಬರುತ್ತಿದೆ. ಸೋರುತ್ತದೆಂದು ಆ ವಾಲ್ವಿಗೆ ಬಿರಡೆ ಹಾಕಿಸುವವರಿದ್ದಾರೆ. ಥರ್ಮೋಸ್ಟಾಟೂ ಕಟೌಟೂ ಒಟ್ಟಿಗೆ ಕೈಕೊಟ್ಟ ದಿನ ಟ್ಯಾಂಕ್ ಸಿಡಿಯದಂತೆ ತಡೆಯುವುದು ಅದೊಂದೇ ವಾಲ್ವ್. ಬಿರಡೆ ಹಾಕಲೇಬೇಡಿ.

ಸಮಯ ಹಾಕುವುದು

ಎಷ್ಟು ಹೊತ್ತು ಆನ್ ಇರಬೇಕು ಎಂಬುದು ಊಹೆಯ ಮಾತಲ್ಲ. ಲೀಟರನ್ನು ಏರಬೇಕಾದ ಡಿಗ್ರಿಯಿಂದ ಗುಣಿಸಿ, 1.163ರಿಂದ ಗುಣಿಸಿ, ಗೀಸರಿನ ವಾಟ್‌ನಿಂದ ಭಾಗಿಸಿ, 60ರಿಂದ ಗುಣಿಸಿದರೆ ನಿಮಿಷ ಸಿಗುತ್ತದೆ. 15 ಲೀಟರ್, 2000 ವಾಟ್, 24ರಿಂದ 55ಕ್ಕೆ: 16 ನಿಮಿಷ. 25 ಲೀಟರಿಗೆ 27. ಪುಣೆಯ ಜನವರಿಯಲ್ಲಿ ನಲ್ಲಿನೀರು 18ಕ್ಕೆ ಇಳಿದಿದ್ದರೆ 15 ಲೀಟರಿಗೆ 19-20 ನಿಮಿಷ. ಮೇ ತಿಂಗಳಲ್ಲಿ ತಾರಸಿ ಟ್ಯಾಂಕಿನ ನೀರೇ 34 ಇದ್ದರೆ 11. ಒಂದು ಗಂಟೆ ಮೊದಲೇ ಗೀಸರ್ ಹಚ್ಚುವ ಅಭ್ಯಾಸ ನಮಗೆ ಹಂಡೆ ಒಲೆಯ ಕಾಲದಿಂದ ಬಂದದ್ದು. ಈಗ ಅದರ ಅಗತ್ಯವಿಲ್ಲ.

ಒಬ್ಬರು ಬಕೆಟ್ ತುಂಬಿಕೊಂಡರೆ ಟ್ಯಾಂಕಿನಿಂದ ಹೋಗುವುದು 55 ಡಿಗ್ರಿಯ ಹತ್ತು ಲೀಟರ್. ಅದು ಮತ್ತೆ ಕಾಯಲು 11 ನಿಮಿಷ. ಇಬ್ಬರ ನಡುವೆ ಕಾಲು ಗಂಟೆ ಅಂತರವಿದ್ದರೆ 15 ಲೀಟರಿನ ಗೀಸರ್ ನಾಲ್ಕು ಜನರಿಗೂ ಸಾಕು. ಮೊದಲ ಸ್ನಾನ 6ಕ್ಕೆ, ಕೊನೆಯದು 7ಕ್ಕೆ ಎಂದಾದರೆ ಟೈಮರ್ 5.40ಕ್ಕೆ ಆನ್, 7ಕ್ಕೆ ಆಫ್. ಕೊನೆಯವರು ಒಳಗೆ ಹೋಗುವಾಗಲೇ ಆರಬೇಕು, ಹೊರಬಂದ ಮೇಲಲ್ಲ. ಇಲ್ಲದಿದ್ದರೆ ಯಾರಿಗೂ ಬೇಡದ ಹದಿನೈದು ಲೀಟರ್ ಬಿಸಿನೀರು ಟ್ಯಾಂಕಿನಲ್ಲೇ ಆರುತ್ತಾ ಹೋಗುತ್ತದೆ.

ಟೈಮರುಗಳಲ್ಲಿ ಮೂರು ಬಗೆ. ಪ್ಲಗ್ಗಿಗೆ ಸಿಗಿಸುವ ಸುತ್ತುಚಕ್ರದ್ದರಲ್ಲಿ ಅಂಚಿನ ಸುತ್ತ 96 ಹಲ್ಲುಗಳಿದ್ದರೆ ಒಂದೊಂದೂ 15 ನಿಮಿಷ, 48 ಇದ್ದರೆ ಅರ್ಧ ಗಂಟೆ. ಅಗ್ಗ, ಗಟ್ಟಿ, ಆದರೆ ಕರೆಂಟ್ ಹೋದಾಗ ಗಡಿಯಾರವೂ ನಿಲ್ಲುತ್ತದೆ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಎರಡು ಗಂಟೆ ಕರೆಂಟ್ ಹೋದರೆ ಮರುದಿನ ಬೆಳಿಗ್ಗೆ ನೀರು ಎರಡು ಗಂಟೆ ತಡ. ಗೋವಾದ ಹಳ್ಳಿಕಡೆ, ಪುಣೆಯ ಹೊರಗೆ ಇದು ಕೆಲಸಕ್ಕೆ ಬಾರದು. ಎರಡನೆಯದು ಡಿಬಿ ಬಾಕ್ಸಿನಲ್ಲಿ, ಅಂದರೆ ಮನೆಯ ಫ್ಯೂಸ್ ಪೆಟ್ಟಿಗೆಯಲ್ಲಿ, ಎಂಸಿಬಿ ಪಕ್ಕ ಕೂರಿಸುವ ಬ್ಯಾಟರಿ ಇರುವ ಡಿಜಿಟಲ್ ಟೈಮರ್. ಇದರ ಜೊತೆ ಕಾಂಟ್ಯಾಕ್ಟರ್, ಅಂದರೆ ದೊಡ್ಡ ಕರೆಂಟ್ ತಾಳುವ ಸ್ವಿಚ್, ಹಾಕಿಸಿದರೆ ಹೊರೆ ಕಾಂಟ್ಯಾಕ್ಟರ್ ಹೊರುತ್ತದೆ, ಟೈಮರ್ ಬಾಳಿಕೆ ಬರುತ್ತದೆ. ವಾರದ ದಿನಕ್ಕೊಂದು, ಭಾನುವಾರಕ್ಕೊಂದು ವೇಳೆ ಹಾಕಬಹುದು. ಎಲೆಕ್ಟ್ರಿಷಿಯನ್ ಬೇಕೇ ಬೇಕು, ಆದರೆ ಮೂರರಲ್ಲಿ ಇದೇ ಉತ್ತಮ. ಮೂರನೆಯದು ವೈ-ಫೈ ಪ್ಲಗ್. 16 ಆಂಪಿಯರಿನದ್ದೇ ತನ್ನಿ. ದೀಪಕ್ಕೆಂದು ಮಾರುವ ಸಣ್ಣ ಪ್ಲಗ್ಗಿಗೆ ಗೀಸರ್ ಸಿಗಿಸಿದರೆ ಒಂದೇ ಚಳಿಗಾಲದಲ್ಲಿ ಅದರ ಪಿನ್ ಕಂದುಬಣ್ಣಕ್ಕೆ ತಿರುಗುತ್ತದೆ. ಆನ್ ಇದ್ದು ಅರ್ಧ ಗಂಟೆಯಾದ ಮೇಲೆ ಆರಿಸಿ ಕಿತ್ತು, ಪಿನ್‌ಗಳನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಚುರುಕ್ ಎಂದರೆ ಸಾಕೆಟ್ ಸಡಿಲ. ಪ್ಲಗ್ ಬಚ್ಚಲಿನೊಳಗೆ ಬೇಡ, ಹಬೆ ತಾಗದ ಕಡೆ ಇರಲಿ.

ಯಾವ ಟೈಮರ್ ಆದರೂ ವರ್ಷಕ್ಕೆ ಎರಡು ಸಲ ಮುಟ್ಟಲೇಬೇಕು, ದೀಪಾವಳಿಗೊಮ್ಮೆ, ಶಿವರಾತ್ರಿಗೊಮ್ಮೆ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟ ಮೇಲೂ ಜನವರಿಯ ವೇಳೆಯೇ ಓಡುತ್ತಿದ್ದರೆ ಟೈಮರ್ ಹಾಕಿದ್ದರ ಅರ್ಧ ಫಲ ಹೋಯಿತು. ಹಾಗೆಯೇ ನೀರು ತುಂಬುವ ಹಬ್ಬದ ರಾತ್ರಿ ಮಲಗುವ ಮೊದಲು ಮರುದಿನದ ವೇಳೆಯನ್ನು 3.30ಕ್ಕೆ ಬದಲಿಸಿ. ನಸುಕಿನ ಎಣ್ಣೆಸ್ನಾನ ಟೈಮರಿಗೆ ಗೊತ್ತಿಲ್ಲ, ತಲೆಗೆ ಎಣ್ಣೆ ಹಚ್ಚಿಕೊಂಡು ತಣ್ಣೀರಿನ ಮುಂದೆ ನಿಲ್ಲಬೇಕಾದೀತು.

ಪುಣೆಯ ಅನೇಕ ಸೊಸೈಟಿಗಳ ತಾರಸಿಯಲ್ಲಿ ಸೋಲಾರ್ ಇದೆ, ಮೋಡದ ದಿನಕ್ಕೆಂದು ಟ್ಯಾಂಕಿನಲ್ಲಿ ವಿದ್ಯುತ್ ಎಲಿಮೆಂಟೂ ಇರುತ್ತದೆ. ಅದನ್ನು ರಾತ್ರಿಯಿಡೀ ಆನ್ ಬಿಟ್ಟರೆ ಬೆಳಿಗ್ಗೆ ಸೂರ್ಯ ಬರುವಷ್ಟರಲ್ಲಿ ಟ್ಯಾಂಕ್ ಆಗಲೇ ಬಿಸಿ, ಬಿಸಿಲಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ಎಲಿಮೆಂಟಿನ ಥರ್ಮೋಸ್ಟಾಟನ್ನು 45-50ಕ್ಕೆ ಇಡಿ, ನಸುಕಿನ 4ರಿಂದ 6ರವರೆಗೆ ಮಾತ್ರ ಟೈಮರ್ ಹಾಕಿ. ಹಿಂದಿನ ದಿನ ಬಿಸಿಲಿದ್ದರೆ ನೀರು ಅದಾಗಲೇ 50 ದಾಟಿರುತ್ತದೆ, ಎಲಿಮೆಂಟ್ ಹೊತ್ತಿಕೊಳ್ಳುವುದೇ ಇಲ್ಲ.

ಎಸಿ: ಅಂಕಿ, ಫ್ಯಾನು, ವೇಳಾಪಟ್ಟಿ

2020ರ ಜನವರಿ 1ರಿಂದ ಮಾರಾಟವಾಗುವ ಸ್ಟಾರ್ ಲೇಬಲ್ಲಿನ ರೂಮ್ ಎಸಿಗಳು ಆನ್ ಆದಾಗ 24 ಡಿಗ್ರಿಯಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಇಂಧನ ದಕ್ಷತಾ ಮಂಡಳಿಯ ಲೆಕ್ಕದಲ್ಲಿ ಒಂದು ಡಿಗ್ರಿ ಮೇಲೆ ಏರಿಸಿದರೆ ಸುಮಾರು ಶೇ. 6 ವಿದ್ಯುತ್ ಉಳಿಯುತ್ತದೆ. ನಿಮ್ಮ ಎಸಿಗೆ ಅದು ಎಷ್ಟು ಯೂನಿಟ್ ಎಂದು ನೋಡಲು ಲೇಬಲಿನ ವಾರ್ಷಿಕ ಯೂನಿಟ್ಟನ್ನು 1600ರಿಂದ ಭಾಗಿಸಿ, ಏಕೆಂದರೆ ಆ ಅಂಕಿ 1600 ಗಂಟೆಗಳದ್ದು. 800 ಎಂದಿದ್ದರೆ ಗಂಟೆಗೆ ಸರಾಸರಿ ಅರ್ಧ ಯೂನಿಟ್, ಎಂಟು ಗಂಟೆಯ ರಾತ್ರಿಗೆ ನಾಲ್ಕು, ತಿಂಗಳಿಗೆ 120. ಗೀಸರಿನ ಸೋರಿಕೆಯ ಏಳುಪಟ್ಟು! ಒಂದೊಂದು ಡಿಗ್ರಿಯೂ ತಿಂಗಳಿಗೆ ಏಳು ಯೂನಿಟ್.

ಬೇಗ ತಣ್ಣಗಾಗಲಿ ಎಂದು 18ಕ್ಕೆ ಇಡುವುದರಿಂದ ಲಾಭವಿಲ್ಲ. ಕೋಣೆ 33 ಇರುವಾಗ 18 ಇಟ್ಟರೂ 26 ಇಟ್ಟರೂ ಕಂಪ್ರೆಸರ್ ಮೊದಲು ತನ್ನ ಪೂರ್ತಿ ಬಲದಲ್ಲೇ ಓಡುತ್ತದೆ. ವ್ಯತ್ಯಾಸವೆಂದರೆ 18ರಲ್ಲಿ ಅದು ನಿಧಾನಿಸುವುದೇ ಇಲ್ಲ.

26 ಇಟ್ಟು ಫ್ಯಾನ್ ಹಾಕಿ ಎಂಬ ಸಲಹೆ ಎಲ್ಲೆಡೆ ಕೇಳುತ್ತೀರಿ. ಅದರ ಬಾಲವನ್ನು ಯಾರೂ ಹೇಳುವುದಿಲ್ಲ. ಹಳೆಯ ಸೀಲಿಂಗ್ ಫ್ಯಾನ್ ಪೂರ್ತಿ ವೇಗದಲ್ಲಿ 75 ವಾಟ್, ಎಂಟು ಗಂಟೆಗೆ 0.6 ಯೂನಿಟ್. 24ರಿಂದ 26ಕ್ಕೆ ಏರಿಸಿ ನಾಲ್ಕು ಯೂನಿಟ್ಟಿನಲ್ಲಿ ಉಳಿಸುವುದು 0.48. ಉಳಿಸಿದ್ದಕ್ಕಿಂತ ಫ್ಯಾನಿಗೆ ಹೋದದ್ದೇ ಹೆಚ್ಚಾಯಿತು. 30 ವಾಟಿನ ಬಿಎಲ್‌ಡಿಸಿ ಫ್ಯಾನ್ ಇದ್ದರೆ ಲೆಕ್ಕ ತಿರುಗುತ್ತದೆ: ಫ್ಯಾನಿಗೆ 0.24, ಅರ್ಧದಷ್ಟು ಉಳಿತಾಯ ಕೈಯಲ್ಲಿ. ಹಳೆಯ ಫ್ಯಾನೇ ಇದ್ದರೆ 27ಕ್ಕೆ ಇಟ್ಟು ಎಲೆಕ್ಟ್ರಾನಿಕ್ ರೆಗ್ಯುಲೇಟರಿನಲ್ಲಿ ಎರಡನೆಯ ವೇಗ ಸಾಕು.

ಎಸಿಗೆ ಸ್ಮಾರ್ಟ್ ಪ್ಲಗ್ ಹಾಕಿ ಮೂಲದಲ್ಲೇ ಕರೆಂಟ್ ಕಡಿಯಬೇಡಿ. ಓಡುತ್ತಿರುವ ಕಂಪ್ರೆಸರನ್ನು ಹಾಗೆ ನಿಲ್ಲಿಸುವುದು ಅದಕ್ಕೆ ಒಳ್ಳೆಯದಲ್ಲ, ಮತ್ತೆ ಕರೆಂಟ್ ಬಂದಾಗ ಎಸಿ ಹಳೆಯ ಸೆಟ್ಟಿಂಗಿಗೆ ಬರುತ್ತದೋ ಇಲ್ಲವೋ ಮಾದರಿಯ ಮೇಲೆ ನಿಂತಿದೆ. ಬೇಕಾದದ್ದು ರಿಮೋಟಿನ ಕೆಲಸ ಮಾಡುವ ಐಆರ್ ಬ್ಲಾಸ್ಟರ್. ಎಸಿಯ ಮುಖಕ್ಕೆ ನೇರ ಕಾಣುವಂತೆ, ಐದಾರು ಮೀಟರಿನೊಳಗೆ ಇಡಿ. ನಡುವೆ ಪರದೆ, ಕಪಾಟು ಬೇಡ. ಇವುಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ವೈ-ಫೈಗೆ ಮಾತ್ರ ಸೇರುತ್ತವೆ. ರೌಟರ್ 5 ಗಿಗಾಹರ್ಟ್ಸ್ ಮಾತ್ರ ಬಿಡುತ್ತಿದ್ದರೆ ಆ್ಯಪ್ ಸುತ್ತುತ್ತಲೇ ಇರುತ್ತದೆ. ಆ್ಯಪಿನಲ್ಲಿ ಎಸಿಯ ಹೆಸರಿಗೆ ಹಲವು ಕೋಡ್ ಬರುತ್ತವೆ. ಆನ್ ಆದ ಕೂಡಲೇ ಅದೇ ಸರಿ ಎಂದು ಮುಗಿಸಬೇಡಿ. 27, ಡ್ರೈ, ಫ್ಯಾನ್ ವೇಗ ಮೂರನ್ನೂ ಕಳಿಸಿ ಎಸಿಯ ಅಂಕಿ ಬದಲಾಗುತ್ತದೆಯೇ ನೋಡಿ. ಇದು ಒಮ್ಮುಖ ಮಾತು, ಎಸಿ ತಿರುಗಿ ಉತ್ತರ ಕೊಡುವುದಿಲ್ಲ. ಆ್ಯಪ್ ಆಫ್ ಎಂದರೂ ಎಸಿ ಓಡುತ್ತಿರಬಹುದು. ಅದಕ್ಕೆ ಬೆಳಗಿನ ಆಫ್ ಆಜ್ಞೆಯನ್ನು ಐದು ನಿಮಿಷ ಬಿಟ್ಟು ಇನ್ನೊಮ್ಮೆ ಕಳಿಸುವಂತೆ ಹಾಕಿ. ಒಂದೇ ಗುಂಡಿಯಲ್ಲಿ ಆನ್-ಆಫ್ ಎರಡೂ ಇರುವ ಕೋಡ್ ಆಗಿದ್ದರೆ ಮಾತ್ರ ಹೀಗೆ ಮಾಡಬೇಡಿ, ಎರಡನೆಯ ಸಲಕ್ಕೆ ಎಸಿ ಮತ್ತೆ ಹೊತ್ತಿಕೊಳ್ಳುತ್ತದೆ.

ವೇಳಾಪಟ್ಟಿ ಹೀಗಿರಲಿ: 10.30ಕ್ಕೆ 25, 12.30ಕ್ಕೆ 26, 2.30ಕ್ಕೆ 27, 5ಕ್ಕೆ ಆಫ್. ನಿದ್ದೆಯಲ್ಲಿ ಮೈ ತಣ್ಣಗಾಗುತ್ತದೆ, ಹೊರಗಿನ ಗಾಳಿಯೂ ತಣ್ಣಗಾಗುತ್ತದೆ, 3 ಗಂಟೆಗೆ 24 ಇದ್ದರೆ ಎದ್ದು ಚಾದರ ಹುಡುಕುವುದೇ ಆಗುತ್ತದೆ. ಮೇಲಿನ ಮಹಡಿ, ಪಡುವಣ ಗೋಡೆಯ ಮನೆಯಾದರೆ ಈ ಪಟ್ಟಿ ಸಾಲದು. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬ್ ನಡುರಾತ್ರಿಯವರೆಗೆ ಬಿಸಿ ಉಗುಳುತ್ತದೆ. 7ರಿಂದ 9ರವರೆಗೆ ಕಿಟಕಿ ತೆರೆದು ಫ್ಯಾನಿನಿಂದ ಆ ಬಿಸಿಯನ್ನು ಹೊರಗೆ ಹಾಕಿ, 26ಕ್ಕೆ ಬದಲಾಗುವ ಗಳಿಗೆಯನ್ನು 1.30ಕ್ಕೆ ತಳ್ಳಿ.

ಮಳೆಗಾಲದ ಮಾತು ಬೇರೆ. ಜುಲೈಯಲ್ಲಿ ಮುಂಬೈಯ ತೊಂದರೆ ಬಿಸಿಗಿಂತ ಪಸೆ. 27 ಇಟ್ಟರೆ ಇನ್ವರ್ಟರ್ ಎಸಿ ಕುಂಟುತ್ತಾ ಓಡಿ ಗಾಳಿಯ ನೀರನ್ನು ಹಿಂಡುವುದೇ ಇಲ್ಲ, ಹಾಸಿಗೆ ತಣ್ಣಗೆ ಜಿಗುಟು. ಆಗ ಒಂದೆರಡು ಗಂಟೆ ಡ್ರೈ ಮೋಡ್, ಆಮೇಲೆ ಬರೀ ಫ್ಯಾನ್.

27 ಇಟ್ಟರೂ ಕೋಣೆ ಕೊರೆಯುವಷ್ಟು ತಣ್ಣಗೆ, ಅಥವಾ 24 ಇಟ್ಟರೂ ಸೆಖೆ ಎಂದಾದರೆ ಸೆನ್ಸರ್ ನೋಡಿಸಿ. ಅದು ಒಳಯಂತ್ರದಲ್ಲಿ, ಗಾಳಿ ಒಳಗೆ ಹೋಗುವ ಕಡೆ ಒಂದು ಪ್ಲಾಸ್ಟಿಕ್ ಕ್ಲಿಪ್ಪಿನಲ್ಲಿ ನೇತಾಡುವ ಸಣ್ಣ ಮಣಿ. ಸರ್ವಿಸ್ ಮಾಡಿದವರು ಕ್ಲಿಪ್ಪಿಗೆ ಸಿಗಿಸುವುದನ್ನು ಮರೆತರೆ ಅದು ಜಾರಿ ಒಳಗಿನ ತಣ್ಣನೆಯ ಕೊಳವೆಸುರುಳಿಗೆ ತಾಗುತ್ತದೆ. ಕೋಣೆ ತಣ್ಣಗಾಯಿತೆಂದು ತಿಳಿದು ಎಸಿ ಬೇಗ ನಿಲ್ಲುತ್ತದೆ, ನೀವು ಅಂಕಿ ಇಳಿಸುತ್ತಾ ಹೋಗುತ್ತೀರಿ. ಸೆನ್ಸರಿಗೆ ಮುಂಚೆ ಜಾಲರಿ ತೊಳೆಯಿರಿ. ಹದಿನೈದು ದಿನಕ್ಕೊಮ್ಮೆ, ರಸ್ತೆ ಪಕ್ಕದ ಮನೆಗೆ ವಾರಕ್ಕೊಮ್ಮೆ.

ಉಳಿಯಿತೋ ಇಲ್ಲವೋ

ಬಿಲ್ ಬರುವವರೆಗೆ ಕಾಯಬೇಡಿ, ಬಿಲ್ಲಿನಲ್ಲಿ ಹತ್ತು ಕಾರಣ ಬೆರೆತಿರುತ್ತವೆ. ಮೀಟರಿನ ಕಿಲೋವಾಟ್-ಅವರ್ ಅಂಕಿಯನ್ನು ಏಳು ದಿನ, ಮಲಗುವಾಗ ಮತ್ತು ಎದ್ದಾಗ, ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಆಮೇಲೆ ಸೆಟ್ಟಿಂಗ್ ಬದಲಿಸಿ ಇನ್ನೇಳು ದಿನ. ಗೀಸರ್, ಎಸಿ ಎರಡನ್ನೂ ಒಂದೇ ವಾರ ಬದಲಿಸಬೇಡಿ, ಯಾವುದರಿಂದ ಉಳಿಯಿತೆಂದು ತಿಳಿಯದು. ಎರಡೂ ಆರಿದ್ದ ರಾತ್ರಿಯೂ ಮೀಟರ್ ಎರಡು ಮೂರು ಯೂನಿಟ್ ಓಡಿದ್ದರೆ ಫ್ರಿಜ್ಜಿನ ಬಾಗಿಲಿನ ರಬ್ಬರಿಗೆ ಒಂದು ಕಾಗದ ಸಿಗಿಸಿ ಎಳೆದು ನೋಡಿ. ಸಲೀಸಾಗಿ ಬಂದರೆ ಮುಂದಿನ ರಿಪೇರಿ ಅದಕ್ಕೆ.